ಕಿಟ್ ಕೊಂಡರೆ ಬಂದೂಕು ಕೊಂಡಂತೆಯೇ? ವ್ಯಾಂಡರ್‌ಸ್ಟಾಕ್ ಪ್ರಕರಣದ ಅಧ್ಯಯನ

ಅಮೆರಿಕದ ಕೇಂದ್ರ ಕಾನೂನಿನ ಮಟ್ಟಿಗೆ ಹೇಳುವುದಾದರೆ, ಮನೆಯಲ್ಲಿ ಬಂದೂಕು ಮಾಡಿಕೊಳ್ಳುವುದು ಅಪರಾಧವಲ್ಲ. ನಮ್ಮ ಕಡೆಯವರಿಗೆ ಇದನ್ನು ಕೇಳಿದರೆ ಕೂಡಲೇ ನಂಬಿಕೆ ಬರುವುದಿಲ್ಲ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವಂತೆಯೇ ಇಲ್ಲ. 2019ರ ತಿದ್ದುಪಡಿ ಆದ ಮೇಲಂತೂ ಅದಕ್ಕೆ ಕಡಿಮೆಯೆಂದರೆ 7 ವರ್ಷ ಜೈಲು, ಹೆಚ್ಚೆಂದರೆ ಜೀವಾವಧಿ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಎಂಬ ಹಳೆಯ ಪದ್ಧತಿಯ ಜಮೀನು ಇರುವವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ನಿಜ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಜೊತೆಗೆ ಒಯ್ಯುವುದಕ್ಕೆ. ಕೋವಿ ಮಾಡುವುದಕ್ಕಲ್ಲ.

ಅಮೆರಿಕದ ಲೆಕ್ಕ ಬೇರೆ. ಬಂದೂಕು ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲದ ವ್ಯಕ್ತಿ, ಮಾರಾಟದ ಉದ್ದೇಶ ಇಲ್ಲದೆ, ಸ್ವಂತ ಬಳಕೆಗೆ ಒಂದು ಬಂದೂಕು ಮಾಡಿಕೊಂಡರೆ ಕೇಂದ್ರದ ಲೈಸೆನ್ಸ್ ಬೇಡ, ಸೀರಿಯಲ್ ನಂಬರ್ ಕೂಡ ಬೇಡ. ಈ ಅವಕಾಶದ ಸುತ್ತ, ಮನೆಯಲ್ಲೇ ಬಂದೂಕು ಜೋಡಿಸಿಕೊಳ್ಳುವ ಕಿಟ್ಟುಗಳ ಒಂದು ದೊಡ್ಡ ವ್ಯಾಪಾರ ಬೆಳೆಯಿತು. ಸರ್ಕಾರ ಅದಕ್ಕೆ ಕಡಿವಾಣ ಹಾಕಲು ಹೋಯಿತು. ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿ 2025ರ ಮಾರ್ಚ್ 26ರಂದು 7–2ರ ತೀರ್ಪಾಗಿ ಹೊರಬಂತು. ಪ್ರಕರಣದ ಹೆಸರು ಬಾಂಡಿ ವಿರುದ್ಧ ವ್ಯಾಂಡರ್‌ಸ್ಟಾಕ್.

ಈ ತೀರ್ಪನ್ನು ಕನ್ನಡದಲ್ಲಿ ವಿವರವಾಗಿ ಬರೆಯಬೇಕು ಅನ್ನಿಸಿದ್ದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಅದು ಸರಿಯಾದ ತೀರ್ಪು, ಆದರೆ ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡವರೇ ಜಾಸ್ತಿ. ಎರಡನೆಯದು ಹೆಚ್ಚು ಮುಖ್ಯ. ಅಲ್ಲಿ ವೀಸಾ ಮೇಲೆ ಇರುವ ನಮ್ಮ ಹುಡುಗರು, ಹುಡುಗಿಯರು ಆ ದೇಶದಲ್ಲಿ ಇದೆಲ್ಲ ಸಲೀಸು ಅಂದುಕೊಂಡಿರುತ್ತಾರೆ. ಅವರಲ್ಲಿ ಬಹಳ ಜನರಿಗೆ ಈ ಅವಕಾಶ ಅನ್ವಯಿಸುವುದೇ ಇಲ್ಲ.

ಕಾನೂನು ಹುಟ್ಟಿದ ಬಗೆ

1963ರ ನವೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಯಾಯಿತು. ಕೊಂದವನು ಆ ರೈಫಲ್ಲನ್ನು ಅಂಚೆಯಲ್ಲಿ ತರಿಸಿಕೊಂಡಿದ್ದ, ಅದೂ ಸುಳ್ಳು ಹೆಸರಿನಲ್ಲಿ. ಷಿಕಾಗೋದ ಅಂಗಡಿಯೊಂದಕ್ಕೆ ಹಣ ಕಳಿಸಿದ್ದ, ಅವರು ಪಾರ್ಸೆಲ್ ಮಾಡಿದ್ದರು. ಅದು ಆ ಕಾಲದಲ್ಲಿ ಮಾಮೂಲಿ ವ್ಯವಹಾರ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಾನ್ಸನ್ ಬಂದೂಕು ನಿಯಂತ್ರಣ ಕಾಯ್ದೆಗೆ ಸಹಿ ಹಾಕಿದರು.

ಆ ಕಾಯ್ದೆ ಹಿಡಿದುಕೊಂಡದ್ದು ವ್ಯಾಪಾರಿಯನ್ನು. ಬಂದೂಕು ಮಾಡಿ ಮಾರುವವರಿಗೆ, ತಂದು ಮಾರುವವರಿಗೆ ಲೈಸೆನ್ಸ್ ಬೇಕು. ಪ್ರತಿ ಬಂದೂಕಿಗೂ ಸೀರಿಯಲ್ ನಂಬರ್ ಇರಬೇಕು. ಯಾರಿಗೆ ಮಾರಿದರು ಅಂತ ಬರೆದಿಡಬೇಕು. ಮುಂದೆ 1993ರ ಬ್ರೇಡಿ ಕಾಯ್ದೆಯಿಂದ ಕೊಳ್ಳುವವರ ಹಿನ್ನೆಲೆ ತಪಾಸಣೆಯೂ ಸೇರಿತು. 1998ರಿಂದ ಅದು ಕಂಪ್ಯೂಟರಿನಲ್ಲಿ ಬಹುಪಾಲು ಆಗಿಂದಾಗ್ಗೆ ಮುಗಿಯುವಂತಾಯಿತು. ಎಲ್ಲೋ ಕೊಲೆ ನಡೆದು ಪಿಸ್ತೂಲು ಸಿಕ್ಕಿದರೆ, ಅದರ ಮೇಲಿನ ನಂಬರ್ ಹಿಡಿದು ಕಾರ್ಖಾನೆ, ಅಲ್ಲಿಂದ ಅಂಗಡಿ, ಅಲ್ಲಿಂದ ಮೊದಲ ಗಿರಾಕಿ ಅಂತ ಜಾಡು ಹಿಡಿಯಬಹುದು. ಇಡೀ ವ್ಯವಸ್ಥೆ ನಿಂತಿರುವುದು ಆ ನಂಬರಿನ ಮೇಲೆ.

ಹಾಗಾದರೆ ಕಾನೂನಿನ ಕಣ್ಣಲ್ಲಿ ಬಂದೂಕು ಅಂದರೆ ಏನು? ವ್ಯಾಖ್ಯಾನದಲ್ಲಿ ಈ ಪ್ರಕರಣಕ್ಕೆ ಬೇಕಾದ ಎರಡು ಭಾಗಗಳಿವೆ. ಮೊದಲನೆಯದು, ಸ್ಫೋಟಕದ ಬಲದಿಂದ ಗುಂಡು ಹಾರಿಸುವ, ಅಥವಾ ಹಾಗೆ ಹಾರಿಸಲೆಂದೇ ರೂಪಿಸಿದ, ಅಥವಾ ಸುಲಭವಾಗಿ ಹಾಗೆ ಮಾರ್ಪಡಿಸಬಹುದಾದ ಯಾವುದೇ ಆಯುಧ. ಓಟದ ಸ್ಪರ್ಧೆ ಶುರು ಮಾಡಲು ಢಂ ಅನ್ನಿಸುವ ಸ್ಟಾರ್ಟರ್ ಗನ್ ಕೂಡ ಇದರಲ್ಲಿ ಸೇರುತ್ತದೆ ಅಂತ ಕಾನೂನೇ ಹೇಳಿದೆ. ಎರಡನೆಯದು, ಅಂಥ ಆಯುಧದ ಫ್ರೇಮ್ ಅಥವಾ ರಿಸೀವರ್. ಅಂದರೆ ಉಳಿದ ಭಾಗಗಳನ್ನೆಲ್ಲ ಹಿಡಿದು ನಿಲ್ಲಿಸುವ ಒಡಲು. ಪಿಸ್ತೂಲಿನಲ್ಲಿ ಅದನ್ನು ಫ್ರೇಮ್ ಅನ್ನುತ್ತಾರೆ, ರೈಫಲ್ಲಿನಲ್ಲಿ ರಿಸೀವರ್. ನಂಬರ್ ಹಾಕುವುದು ಇದರ ಮೇಲೆ. ನಳಿಕೆ, ಟ್ರಿಗರ್, ಸ್ಪ್ರಿಂಗು ಇವನ್ನೆಲ್ಲ ಬಿಡಿಯಾಗಿ ಕೊಂಡರೆ ಕಾನೂನು ಕೇಳುವುದಿಲ್ಲ. ಆ ಒಂದು ಭಾಗಕ್ಕೆ ಮಾತ್ರ ಬಂದೂಕಿನ ಸ್ಥಾನ.

ಕಿಟ್ ಎಂಬ ವ್ಯಾಪಾರ

ವ್ಯಾಪಾರಿಗಳಿಗೆ ದಾರಿ ಕಂಡದ್ದು ಇಲ್ಲೇ. ಆ ಒಡಲನ್ನು ಪೂರ್ತಿ ಮಾಡದೆ ಅರೆಬರೆ ಬಿಟ್ಟು ಮಾರಿದರೆ ಅದು ಫ್ರೇಮ್ ಅಲ್ಲ, ಬರೀ ಪ್ಲಾಸ್ಟಿಕ್ ಅಥವಾ ಲೋಹದ ತುಂಡು, ಹಾಗಾಗಿ ಲೈಸೆನ್ಸೂ ಬೇಡ, ನಂಬರೂ ಬೇಡ, ತಪಾಸಣೆಯೂ ಬೇಡ ಅಂತ ಅವರ ವಾದ. ಮಾರುಕಟ್ಟೆಯಲ್ಲಿ ಇದಕ್ಕೆ 80 ಪರ್ಸೆಂಟ್ ಅಂತ ಹೆಸರು ಬಿತ್ತು. ಅಂದರೆ 80ರಷ್ಟು ಆಗಿದೆ, 20ರಷ್ಟು ನಿಮ್ಮ ಕೆಲಸ. ಕಾನೂನಿನಲ್ಲಿ ಎಲ್ಲೂ ಈ ಲೆಕ್ಕ ಇಲ್ಲ. ಅದು ಮಾರುವವರು ಕಟ್ಟಿಕೊಂಡ ಮಾತು.

ಮೊದಮೊದಲು ಕೊಂಡವರು ಲೇತ್, ಮಿಲ್ಲಿಂಗ್‌ನಂಥ ಲೋಹ ಕಡೆಯುವ ಯಂತ್ರಗಳ ಕೆಲಸ ಗೊತ್ತಿದ್ದ ಹವ್ಯಾಸಿಗಳು. ಅವರಿಗೆ ತಾವೇ ಕೈಯಾರೆ ಮಾಡುವುದರಲ್ಲಿ ಆಸಕ್ತಿ. ಆಮೇಲೆ ಕಿಟ್ ಬಂತು. ಅರೆಬರೆ ಫ್ರೇಮಿನ ಜೊತೆಗೆ ಉಳಿದ ಎಲ್ಲ ಭಾಗಗಳೂ ಒಂದೇ ಡಬ್ಬಿಯಲ್ಲಿ. ಕೆಲಸದ ಪ್ರಮಾಣ ವರ್ಷ ವರ್ಷ ಇಳಿಯುತ್ತ ಹೋಯಿತು. ನೆವಾಡದ ಪಾಲಿಮರ್80 ಅನ್ನುವ ಕಂಪನಿ ತನ್ನ ಒಂದು ಕಿಟ್ಟಿಗೆ 'ಬೈ ಬಿಲ್ಡ್ ಶೂಟ್' ಅಂತಲೇ ಹೆಸರಿಟ್ಟಿತು. ಕೊಳ್ಳಿ, ಕಟ್ಟಿ, ಹಾರಿಸಿ. 2020ರ ಡಿಸೆಂಬರ್‌ನಲ್ಲಿ ಎ.ಟಿ.ಎಫ್. ಅಧಿಕಾರಿಗಳು ಆ ಕಂಪನಿಯ ಮೇಲೆ ದಾಳಿ ಮಾಡಿ ಶೋಧಿಸಿದರು. ಎ.ಟಿ.ಎಫ್. ಅಂದರೆ ಮದ್ಯ, ತಂಬಾಕು, ಬಂದೂಕು, ಸ್ಫೋಟಕಗಳನ್ನು ನೋಡಿಕೊಳ್ಳುವ ಕೇಂದ್ರ ಇಲಾಖೆ.

ಇದರಿಂದ ಆದದ್ದೇನು? 2017ರಲ್ಲಿ ಪೊಲೀಸರು ಜಾಡು ಹಿಡಿಯಲು ಕೇಂದ್ರಕ್ಕೆ ಕಳಿಸಿದ ನಂಬರಿಲ್ಲದ ಬಂದೂಕುಗಳು ಸುಮಾರು 1,600. 2021ರ ಹೊತ್ತಿಗೆ ಆ ಸಂಖ್ಯೆ 19,000 ದಾಟಿತು. ಈ ಅಂಕಿ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಇದೆ. ನಂಬರೇ ಇಲ್ಲದ ಮೇಲೆ ಎಲ್ಲಿಂದ ಹುಡುಕುವುದು? ಬಹುತೇಕ ಯಾವುದರ ಮೂಲವೂ ಸಿಗಲಿಲ್ಲ. ಜನ ಇವಕ್ಕೆ ಘೋಸ್ಟ್ ಗನ್, ಅಂದರೆ ಭೂತ ಬಂದೂಕು, ಅಂದರು.

2019ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ, ಸಾಗಸ್ ಹೈಸ್ಕೂಲಿನಲ್ಲಿ, 16 ವರ್ಷದ ಒಬ್ಬ ವಿದ್ಯಾರ್ಥಿ ತನ್ನ ಸಹಪಾಠಿಗಳ ಮೇಲೆ ಗುಂಡು ಹಾರಿಸಿದ. ಇಬ್ಬರು ಮಕ್ಕಳು ಸತ್ತರು, ಮೂವರಿಗೆ ಗಾಯವಾಯಿತು, ಅವನೂ ಉಳಿಯಲಿಲ್ಲ. ಅವನ ಕೈಯಲ್ಲಿದ್ದದ್ದು ಕಿಟ್ಟಿನಿಂದ ಜೋಡಿಸಿದ, ನಂಬರ್ ಇಲ್ಲದ ಪಿಸ್ತೂಲು. ಆ ವಯಸ್ಸಿನವನಿಗೆ ಯಾವ ಅಂಗಡಿಯವರೂ ಪಿಸ್ತೂಲು ಮಾರುವಂತಿಲ್ಲ. ಹವ್ಯಾಸಿಗಳ ಸ್ವಾತಂತ್ರ್ಯದ ಬಗ್ಗೆ ಯಾರಾದರೂ ಉದ್ದುದ್ದ ಮಾತಾಡಿದಾಗ ನನಗೆ ನೆನಪಾಗುವುದು ಈ ಶಾಲೆಯ ಮಕ್ಕಳು.

2022ರ ನಿಯಮ ಹೇಳಿದ್ದೇನು, ಹೇಳದೆ ಬಿಟ್ಟದ್ದೇನು

2022ರ ಏಪ್ರಿಲ್‌ನಲ್ಲಿ ಎ.ಟಿ.ಎಫ್. ಹೊಸ ನಿಯಮ ಪ್ರಕಟಿಸಿತು. ಆಗಸ್ಟ್ 24ರಿಂದ ಅದು ಜಾರಿಗೆ ಬಂತು. ಅದರ ತಿರುಳು ಎರಡೇ ಮಾತು. ಸುಲಭವಾಗಿ ಗುಂಡು ಹಾರಿಸುವ ಸ್ಥಿತಿಗೆ ತರಬಹುದಾದ ಕಿಟ್ ಬಂದೂಕೇ. ಸುಲಭವಾಗಿ ಪೂರ್ತಿ ಮಾಡಬಹುದಾದ ಅರೆಬರೆ ಫ್ರೇಮು, ರಿಸೀವರು ಕೂಡ ಫ್ರೇಮು, ರಿಸೀವರೇ. ಹಾಗಾಗಿ ಅವನ್ನು ಮಾರುವವರಿಗೆ ಲೈಸೆನ್ಸ್, ನಂಬರ್, ದಾಖಲೆ, ತಪಾಸಣೆ ಎಲ್ಲವೂ ಅನ್ವಯ. ಸುಲಭ ಅಂದರೆ ಎಷ್ಟು ಸುಲಭ? ಎಷ್ಟು ಸಮಯ ಬೇಕು, ಎಂಥ ಉಪಕರಣ ಬೇಕು, ಎಷ್ಟು ಪರಿಣತಿ ಬೇಕು, ಎಷ್ಟು ಖರ್ಚು, ಉಳಿದ ಭಾಗಗಳು ಎಷ್ಟು ಸಲೀಸಾಗಿ ಸಿಗುತ್ತವೆ ಇವನ್ನೆಲ್ಲ ಒಟ್ಟಿಗೆ ನೋಡಬೇಕು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮನೆಯಲ್ಲಿ ಬಂದೂಕು ಮಾಡುವುದನ್ನು ಈ ನಿಯಮ ನಿಷೇಧಿಸಲಿಲ್ಲ. ಮನೆಯಲ್ಲಿ ಮಾಡಿಕೊಂಡವರು ನಂಬರ್ ಹಾಕಲೇಬೇಕು ಅಂತಲೂ ಹೇಳಲಿಲ್ಲ. ಅದು ಮುಟ್ಟಿದ್ದು ಮಾರುವವರನ್ನು. ಲೈಸೆನ್ಸ್ ಇರುವ ಅಂಗಡಿಯವರು ನಂಬರಿಲ್ಲದ ಬಂದೂಕನ್ನು ತಮ್ಮ ದಾಸ್ತಾನಿಗೆ ತೆಗೆದುಕೊಂಡರೆ ಅವರು ನಂಬರ್ ಹಾಕಬೇಕು, ಅಷ್ಟೆ. ಪರವಾಗಿ ಮಾತಾಡುವವರೂ ವಿರುದ್ಧ ಮಾತಾಡುವವರೂ ಸರ್ಕಾರ ಘೋಸ್ಟ್ ಗನ್ ನಿಷೇಧಿಸಿತು ಅನ್ನುತ್ತಾರೆ. ಇಬ್ಬರದೂ ತಪ್ಪು.

ಟೆಕ್ಸಾಸಿನಿಂದ ವಾಷಿಂಗ್ಟನ್ನಿಗೆ

2022ರ ಆಗಸ್ಟ್‌ನಲ್ಲೇ ಟೆಕ್ಸಾಸಿನ ಫೋರ್ಟ್ ವರ್ತ್ ಕೇಂದ್ರ ನ್ಯಾಯಾಲಯದಲ್ಲಿ ದಾವೆ ಬಿತ್ತು. ವ್ಯಾಂಡರ್‌ಸ್ಟಾಕ್ ಸೇರಿ ಇಬ್ಬರು ಬಂದೂಕು ಮಾಲೀಕರು, ಬಂದೂಕಿನ ಭಾಗಗಳನ್ನು ಮಾರುವ ಒಂದು ಕಂಪನಿ, ಬಂದೂಕು ಹಕ್ಕುಗಳ ಒಂದು ಸಂಘಟನೆ ವಾದಿಗಳು. ಆಮೇಲೆ ಇನ್ನಷ್ಟು ಕಂಪನಿಗಳು ಸೇರಿಕೊಂಡವು. ಅದರಲ್ಲಿ ಡಿಫೆನ್ಸ್ ಡಿಸ್ಟ್ರಿಬ್ಯೂಟೆಡ್ ಕೂಡ ಒಂದು. 2013ರಲ್ಲಿ 3ಡಿ ಪ್ರಿಂಟರಿನಲ್ಲಿ ಮುದ್ರಿಸುವ ಪಿಸ್ತೂಲಿನ ಫೈಲುಗಳನ್ನು ಇಂಟರ್ನೆಟ್ಟಿಗೆ ಹಾಕಿ ಸುದ್ದಿ ಮಾಡಿದ್ದ ಸಂಸ್ಥೆ ಅದು.

ನ್ಯಾಯಾಧೀಶ ರೀಡ್ ಓ'ಕಾನರ್ 2023ರ ಬೇಸಿಗೆಯಲ್ಲಿ ನಿಯಮವನ್ನೇ ರದ್ದು ಮಾಡಿದರು. ಆಗಸ್ಟ್ 8ರಂದು ಸುಪ್ರೀಂ ಕೋರ್ಟ್ 5–4ರಲ್ಲಿ ಆ ರದ್ದತಿಗೆ ತಡೆ ಕೊಟ್ಟಿತು. ನವೆಂಬರ್‌ನಲ್ಲಿ ಟೆಕ್ಸಾಸ್ ಸೇರುವ 5ನೇ ಸರ್ಕೀಟಿನ ಮೇಲ್ಮನವಿ ನ್ಯಾಯಾಲಯ ಓ'ಕಾನರ್ ಹೇಳಿದ್ದೇ ಸರಿ ಅಂದಿತು. ಬಿಡಿ ಭಾಗಗಳು ಆಯುಧವಲ್ಲ, ಪೂರ್ತಿಯಾಗದ ಫ್ರೇಮು ಫ್ರೇಮಲ್ಲ, ಕಾನೂನು ಬದಲಿಸಬೇಕಾದದ್ದು ಕಾಂಗ್ರೆಸ್ಸೇ (ಅಮೆರಿಕದ ಸಂಸತ್ತು) ಹೊರತು ಇಲಾಖೆಯಲ್ಲ ಎಂಬುದು ಅದರ ನಿಲುವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

2024ರ ಅಕ್ಟೋಬರ್ 8ರ ವಾದ ಓದಲು ಬಹಳ ಚೆನ್ನಾಗಿದೆ. ಅಲ್ಲಿ ಎಲ್ಲರೂ ಅಡುಗೆಮನೆಗೆ ಇಳಿದರು. ನ್ಯಾಯಮೂರ್ತಿ ಅಲಿಟೊ ಸರ್ಕಾರದ ವಕೀಲೆ ಎಲಿಜಬೆತ್ ಪ್ರೆಲೋಗರ್ ಅವರನ್ನು ಕೇಳಿದರು: ಕಟ್ಟೆಯ ಮೇಲೆ ಮೊಟ್ಟೆ, ಹೆಚ್ಚಿದ ಮಾಂಸ, ಮೆಣಸಿನಕಾಯಿ, ಈರುಳ್ಳಿ ಇಟ್ಟರೆ ಅದು ಆಮ್ಲೆಟ್ಟಾ? ಅಲ್ಲ ಅಂದರು ಅವರು. ಆ ಸಾಮಾನುಗಳಿಂದ ಬೇರೆ ಏನು ಬೇಕಾದರೂ ಮಾಡಬಹುದು, ಅದಕ್ಕೇ ಅಲ್ಲ. ಆಗ ನ್ಯಾಯಮೂರ್ತಿ ಬ್ಯಾರೆಟ್ ಮಧ್ಯೆ ಬಂದರು. ಹೆಲೋಫ್ರೆಶ್‌ನಂಥ ಕಂಪನಿಯಿಂದ ಒಂದು ಅಡುಗೆಗೆ ಬೇಕಾದ್ದೆಲ್ಲ ಸೇರಿಸಿ ಕಳಿಸಿದ ಕಿಟ್ ತರಿಸಿದರೆ? ಆಗ ಉತ್ತರ ಬದಲಾಗುತ್ತದೆ ಅಂದರು ಪ್ರೆಲೋಗರ್. ಇಡೀ ಪ್ರಕರಣ ಈ ನಾಲ್ಕು ಮಾತಿನಲ್ಲಿ ಇದೆ. ಸಾಮಾನು ಬೇರೆ, ಒಂದೇ ಉದ್ದೇಶಕ್ಕೆ ಕಟ್ಟಿ ಕಳಿಸಿದ ಕಿಟ್ ಬೇರೆ.

ವಾದಿಗಳ ವಕೀಲರು ಹವ್ಯಾಸದ ಮಾತು ತೆಗೆದರು. ಕೆಲವರಿಗೆ ವಾರದ ಕೊನೆಯಲ್ಲಿ ಹಳೆ ಕಾರು ಬಿಚ್ಚಿ ಜೋಡಿಸುವುದು ಖುಷಿ, ಇದೂ ಹಾಗೇ. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಇದನ್ನು ಒಪ್ಪಲಿಲ್ಲ. ಕಾರಿನ ಕೆಲಸದಲ್ಲಿ ಸಿಗುವ ತೃಪ್ತಿ ಒಂದೆರಡು ತೂತು ಕೊರೆಯುವುದರಲ್ಲಿ ಸಿಗುತ್ತದೆಯೇ ಅನ್ನುವ ಧಾಟಿಯಲ್ಲಿ ಕೇಳಿದರು. ಹವ್ಯಾಸಿಯ ಪರವಾಗಿ ನಿಜವಾದ ಗೌರವ ಇಟ್ಟುಕೊಂಡು ಹೇಳುತ್ತೇನೆ, ಈ ಪ್ರಶ್ನೆ ನ್ಯಾಯವಾದದ್ದು. ವರ್ಷಗಟ್ಟಲೆ ಕೆಲಸ ಕಲಿತು, ಲೋಹವನ್ನು ಅರ್ಥ ಮಾಡಿಕೊಂಡು ತನ್ನ ಕೈಯಿಂದ ಬಂದೂಕು ಮಾಡುವ ವ್ಯಕ್ತಿ ಬೇರೆ. ಪಾರ್ಸೆಲ್ ಬಿಚ್ಚಿ ಸಂಜೆಯೊಳಗೆ ಮುಗಿಸುವವರು ಬೇರೆ. ಅಂಗಡಿಯಿಂದ ರುಬ್ಬಿದ ಹಿಟ್ಟು ತಂದು ದೋಸೆ ಹುಯ್ದವರು ಹಿಟ್ಟು ಕೊಂಡವರೇ, ರುಬ್ಬಿದವರಲ್ಲ, ಅಲ್ವಾ?

ತೀರ್ಪು

2025ರ ಮಾರ್ಚ್ ಹೊತ್ತಿಗೆ ಸರ್ಕಾರ ಬದಲಾಗಿತ್ತು. ಸರ್ಕಾರದ ಪರವಾಗಿ ಪ್ರಕರಣದಲ್ಲಿ ಹೆಸರಿರುವುದು ಅಟಾರ್ನಿ ಜನರಲ್ ಅವರದು. ಆ ಹುದ್ದೆಗೆ ಬೇರೆಯವರು ಬಂದದ್ದರಿಂದ ಪ್ರಕರಣದಲ್ಲಿ ಗಾರ್ಲಂಡ್ ಇದ್ದ ಹೆಸರು ಬಾಂಡಿ ಆಗಿತ್ತು. ಬಹುಮತದ ತೀರ್ಪು ಬರೆದವರು ನೀಲ್ ಗೊರ್ಸಚ್. ಇದನ್ನು ಗಮನಿಸಬೇಕು. ಇಲಾಖೆಗಳು ತಮ್ಮ ಅಧಿಕಾರ ಹಿಗ್ಗಿಸಿಕೊಳ್ಳುವುದನ್ನು ಕಂಡರೆ ಸಹಿಸದ ನ್ಯಾಯಮೂರ್ತಿ ಅವರು. 2023ರಲ್ಲಿ ತಡೆಯಾಜ್ಞೆ ಬೇಡ ಅಂದ ನಾಲ್ವರಲ್ಲಿ ಅವರೂ ಇದ್ದರು, ನ್ಯಾಯಮೂರ್ತಿ ಕ್ಯಾವನಾ ಕೂಡ ಇದ್ದರು. ಪೂರ್ತಿ ವಾದ ಕೇಳಿದ ಮೇಲೆ ಇಬ್ಬರೂ ನಿಯಮದ ಪರ ನಿಂತರು. ಈ ತೀರ್ಪಿಗೆ ನನ್ನ ಮನಸ್ಸಿನಲ್ಲಿ ತೂಕ ಬರಲು ಇದೂ ಒಂದು ಕಾರಣ. ಪಕ್ಷದ ಗೆರೆ ನೋಡಿ ಬಂದ ತೀರ್ಪಲ್ಲ ಇದು.

ಗೊರ್ಸಚ್ ಹಿಡಿದ ದಾರಿ ಸರಳ. ನಾವು ವಸ್ತುಗಳನ್ನು ಹೆಸರಿಸುವಾಗ ಅವು ಪೂರ್ತಿಯಾಗಿವೆಯೇ ಅಂತ ಯಾವಾಗಲೂ ಕಾಯುವುದಿಲ್ಲ. ಲೇಖಕಿಯೊಬ್ಬರು ಇನ್ನೂ ಮುಗಿಯದ ಹಸ್ತಪ್ರತಿ ಕಳಿಸಿ, ನನ್ನ ಕಾದಂಬರಿ ಹೇಗಿದೆ ಅಂತ ಕೇಳಬಹುದು. ಐಕಿಯಾದಲ್ಲಿ ಮೇಜು ಕೊಂಡೆ ಅಂತ ಗೆಳೆಯನೊಬ್ಬ ಹೇಳಬಹುದು, ಅದನ್ನು ಜೋಡಿಸಲು ಇನ್ನೂ ಗಂಟೆಗಟ್ಟಲೆ ಕೆಲಸ ಇದ್ದರೂ. ಆಯುಧ ಅನ್ನುವ ಮಾತೂ ಹಾಗೆಯೇ. ಪಾಲಿಮರ್80ರ ಆ ಕಿಟ್ಟನ್ನು, ಅದನ್ನು ಹಿಂದೆಂದೂ ನೋಡಿರದ ಒಬ್ಬ ವ್ಯಕ್ತಿ 21 ನಿಮಿಷದಲ್ಲಿ ಪಿಸ್ತೂಲಾಗಿಸಿದ ದಾಖಲೆ ಕೋರ್ಟಿನ ಮುಂದಿತ್ತು. ಎಲ್ಲ ಭಾಗಗಳೂ ಇವೆ, ಉದ್ದೇಶ ಕಣ್ಣಿಗೆ ರಾಚುವಂತಿದೆ, ಹೆಸರೇ ಎಲ್ಲವನ್ನೂ ಹೇಳುತ್ತದೆ ಎಂದರು ಗೊರ್ಸಚ್. ಜೊತೆಗೆ ಕಾನೂನು ಸ್ಟಾರ್ಟರ್ ಗನ್ನನ್ನೇ ಸೇರಿಸಿಕೊಂಡಿದೆ. ಅದನ್ನು ಗುಂಡು ಹಾರಿಸುವಂತೆ ಮಾಡಲು ಕೂಡ ಒಂದಿಷ್ಟು ಕೆಲಸ ಬೇಕು. ಅದು ಬಂದೂಕು ಅನ್ನಿಸಿಕೊಳ್ಳುವುದಾದರೆ ಈ ಕಿಟ್ ಏಕಲ್ಲ?

ಫ್ರೇಮಿನ ವಿಷಯದಲ್ಲೂ ಇದೇ ತರ್ಕ. ಪೂರ್ತಿಯಾಗದ ಕೆಲವು ಫ್ರೇಮುಗಳನ್ನು ಇಲಾಖೆ ದಶಕಗಳಿಂದ ಫ್ರೇಮು ಅಂತಲೇ ನೋಡುತ್ತ ಬಂದಿದೆ. ಅದನ್ನು ವಾದಿಗಳೇ ಒಪ್ಪಿಕೊಂಡಿದ್ದರು.

ಆದರೆ ತೀರ್ಪಿನ ಮಿತಿ ತಿಳಿಯದೆ ಅದನ್ನು ಉದ್ಧರಿಸುವವರು ಬಹಳ. ವಾದಿಗಳು ಇಡೀ ನಿಯಮವೇ ಅಸಿಂಧು ಅಂತ ಕೇಳಿದ್ದರು. ಒಂದು ನಿರ್ದಿಷ್ಟ ಕಿಟ್ಟಿನ ಬಗ್ಗೆ ಕೇಳಿರಲಿಲ್ಲ. ಹಾಗಾಗಿ ಕೋರ್ಟು ಹೇಳಿದ್ದು ಇಷ್ಟೇ: ಕಾನೂನು ಕೆಲವು ಕಿಟ್ಟುಗಳನ್ನು, ಕೆಲವು ಅರೆಬರೆ ಫ್ರೇಮುಗಳನ್ನು ಖಂಡಿತ ಒಳಗೊಳ್ಳುತ್ತದೆ, ಆದ್ದರಿಂದ ನಿಯಮ ಪೂರ್ತಿ ಬಿದ್ದುಹೋಗುವುದಿಲ್ಲ. ಇನ್ನೂ ಜಾಸ್ತಿ ಕೆಲಸ ಬೇಕಾದ ಕಿಟ್ ಬಂದರೆ ಏನು ಅನ್ನುವುದಕ್ಕೆ ಉತ್ತರ ಮುಂದಿನ ಪ್ರಕರಣಗಳಿಗೆ ಬಿಟ್ಟದ್ದು.

ನ್ಯಾಯಮೂರ್ತಿಗಳಾದ ಥಾಮಸ್ ಮತ್ತು ಅಲಿಟೊ ಒಪ್ಪಲಿಲ್ಲ. ಥಾಮಸ್ ವಾದದಲ್ಲಿ ಗಟ್ಟಿಯಾದ ಒಂದು ಅಂಶ ಇದೆ. 1938ರ ಹಳೆಯ ಕಾನೂನಿನಲ್ಲಿ ಬಂದೂಕಿನ ಯಾವುದೇ ಭಾಗವೂ ಬಂದೂಕು ಅನ್ನಿಸಿಕೊಳ್ಳುತ್ತಿತ್ತು. 1968ರಲ್ಲಿ ಕಾಂಗ್ರೆಸ್ ಬೇಕೆಂದೇ ಅದನ್ನು ತೆಗೆದು ಫ್ರೇಮು, ರಿಸೀವರಿಗೆ ಇಳಿಸಿತು. ಬಿಟ್ಟದ್ದನ್ನು ಇಲಾಖೆ ವಾಪಸು ತರುವಂತಿಲ್ಲ. ಇದು ತಳ್ಳಿಹಾಕುವ ಮಾತಲ್ಲ. ಆದರೂ ನನಗೆ ಬಹುಮತದ್ದೇ ಸರಿ ಅನ್ನಿಸುತ್ತದೆ. 1968ರಲ್ಲಿ ಬಿಟ್ಟದ್ದು ಬಿಡಿ ಸ್ಪ್ರಿಂಗು, ಬಿಡಿ ನಳಿಕೆ. ಎಲ್ಲ ಸೇರಿಸಿ ಒಂದೇ ಡಬ್ಬಿಯಲ್ಲಿ ಕೊಟ್ಟದ್ದನ್ನು ಬಿಡಿ ಭಾಗ ಅನ್ನಲು ಮನಸ್ಸು ಒಪ್ಪುವುದಿಲ್ಲ. ಮತ್ತೆ ಅಂಚೆಯಲ್ಲಿ ಸುಳ್ಳು ಹೆಸರಿಗೆ ಬಂದೂಕು ತರಿಸುವ ಕಾಲಕ್ಕೆ ಹೋಗಬಾರದು ಅಂತ ಬಂದ ಕಾನೂನು ಅದು. ಕ್ಯಾವನಾ ಬೇರೆಯಾಗಿ ಬರೆದ ಪುಟ್ಟ ಅಭಿಪ್ರಾಯವೂ ಮುಖ್ಯ: ಗೊತ್ತಿಲ್ಲದೆ ನಿಯಮ ಮೀರಿದ ವ್ಯಾಪಾರಿಯನ್ನು ಅಪರಾಧಿ ಮಾಡುವುದರ ಬಗ್ಗೆ ಅವರು ಎಚ್ಚರ ಹೇಳಿದರು.

ಪಾಲಿಮರ್80 ಈ ತೀರ್ಪು ಬರುವ ಮೊದಲೇ, 2024ರಲ್ಲಿ, ಬಾಗಿಲು ಹಾಕಿತ್ತು. ಲಾಸ್ ಏಂಜಲೀಸ್, ಬಾಲ್ಟಿಮೋರ್ ನಗರಗಳು ಹೂಡಿದ ದಾವೆಗಳಲ್ಲಿ ಅದು ಹಣ ಕೊಟ್ಟು ರಾಜಿಯಾಗಿತ್ತು.

ತೀರ್ಪಿನ ಆಚೆಗೆ ಉಳಿದದ್ದು

ಈ ತೀರ್ಪು ಕಾನೂನು ಇದಕ್ಕೆ ಜಾಗ ಕೊಡುತ್ತದೆ ಅಂದಿತೇ ಹೊರತು ನಿಯಮ ಹೀಗೇ ಇರಬೇಕು ಅನ್ನಲಿಲ್ಲ. 2025ರ ಫೆಬ್ರವರಿ 7ರಂದು ಅಧ್ಯಕ್ಷ ಟ್ರಂಪ್ ಹಿಂದಿನ ಸರ್ಕಾರದ ಬಂದೂಕು ನಿಯಮಗಳನ್ನೆಲ್ಲ ಮರುಪರಿಶೀಲಿಸಲು ಆದೇಶಿಸಿದ್ದರು. ಇಲಾಖೆ ಮಾಡಿದ ನಿಯಮವನ್ನು ಇಲಾಖೆಯೇ ಬದಲಿಸಬಹುದು. ಆದ್ದರಿಂದ ಯಾವ ದಿನ ಯಾವ ನಿಯಮ ಜಾರಿಯಲ್ಲಿದೆ ಅಂತ ಆ ದಿನವೇ ನೋಡಬೇಕು.

ರಾಜ್ಯಗಳ ಕಾನೂನು ಇನ್ನೊಂದು ಗಂಟು. ಕ್ಯಾಲಿಫೋರ್ನಿಯಾದಲ್ಲಿ 2018ರಿಂದಲೇ ಮನೆಯಲ್ಲಿ ಬಂದೂಕು ಮಾಡುವ ಮೊದಲು ರಾಜ್ಯದ ನ್ಯಾಯ ಇಲಾಖೆಗೆ ಅರ್ಜಿ ಹಾಕಿ ನಂಬರ್ ಪಡೆಯಬೇಕು. ನ್ಯೂಜೆರ್ಸಿ ಇನ್ನೂ ಕಟ್ಟುನಿಟ್ಟು. ನ್ಯೂಯಾರ್ಕ್, ವಾಷಿಂಗ್ಟನ್, ಡೆಲವೇರ್‌ಗಳಲ್ಲೂ ನಂಬರಿಲ್ಲದ ಬಂದೂಕಿನ ಮೇಲೆ ಕಾನೂನುಗಳಿವೆ. ಟೆಕ್ಸಾಸಿನಲ್ಲಿ ತೊಂದರೆಯಿಲ್ಲದೆ ಇಟ್ಟುಕೊಂಡದ್ದು ಕೆಲಸ ಬದಲಿಸಿ ಕ್ಯಾಲಿಫೋರ್ನಿಯಾದ ಸ್ಯಾನ್‌ಹೊಸೆಗೋ ನ್ಯೂಜೆರ್ಸಿಯ ಎಡಿಸನ್ನಿಗೋ ಹೋದ ಕೂಡಲೇ ಅಪರಾಧವಾಗಬಹುದು. ಮನೆ ಸಾಮಾನಿನ ಲಾರಿಯಲ್ಲಿ ಒಂದು ಪೆಟ್ಟಿಗೆ ಅಂತ ಸುಮ್ನೆ ಹಾಕಿಕೊಂಡು ಹೋಗುವಂಥದ್ದಲ್ಲ ಅದು.

ಕೇಂದ್ರದಲ್ಲೂ ಯಾರಿಗೂ ಮೀರಲಾಗದ ಗೆರೆಗಳಿವೆ. ಮೆಷಿನ್ ಗನ್ ಮಾಡುವುದು ಸಾಮಾನ್ಯ ಜನರಿಗೆ 1986ರಿಂದ ಮುಚ್ಚಿದ ಬಾಗಿಲು. ಲೋಹಶೋಧಕಕ್ಕೆ ಸಿಗದ ಬಂದೂಕನ್ನು 1988ರ ಕಾನೂನು ನಿಷೇಧಿಸಿದೆ. ಮಾರುವ ಉದ್ದೇಶದಿಂದ ಮಾಡಿದರೆ ಹವ್ಯಾಸ ಮುಗಿದು ಲೈಸೆನ್ಸಿನ ಪ್ರಶ್ನೆ ಶುರುವಾಗುತ್ತದೆ.

ಬಳಕೆಯ ಕಷ್ಟಗಳನ್ನು ಯಾರೂ ಹೇಳುವುದಿಲ್ಲ. ಕಾರ್ಖಾನೆಯ ಪಿಸ್ತೂಲು ಪರೀಕ್ಷೆ ದಾಟಿ ಬಂದಿರುತ್ತದೆ, ದೋಷ ಕಂಡರೆ ಕಂಪನಿ ವಾಪಸು ಕರೆಸಿಕೊಳ್ಳುತ್ತದೆ, ಏನಾದರೂ ಆದರೆ ಹೊಣೆಗಾರರಿರುತ್ತಾರೆ. ಮನೆಯಲ್ಲಿ ಜೋಡಿಸಿದ್ದಕ್ಕೆ ಜೋಡಿಸಿದವರೇ ಕಾರ್ಖಾನೆ, ಅವರೇ ತಪಾಸಣೆ, ಅವರೇ ಹೊಣೆ. ಕೈಯಲ್ಲಿ ಸಿಡಿದರೆ ಕೇಳುವವರಿಲ್ಲ. ಕಳವಾದರೆ ಪೊಲೀಸರಿಗೆ ಕೊಡಲು ನಂಬರ್ ಇಲ್ಲ. ಅದೇ ಬಂದೂಕು ನಾಳೆ ಅಪರಾಧದ ಜಾಗದಲ್ಲಿ ಸಿಕ್ಕರೆ ಅದು ಕಳವಾದದ್ದು ಅಂತ ತೋರಿಸುವುದು ಕಷ್ಟ.

3ಡಿ ಪ್ರಿಂಟರಿನ ಪ್ರಶ್ನೆಯನ್ನು ಈ ತೀರ್ಪು ಮುಟ್ಟಲಿಲ್ಲ. 2024ರ ಡಿಸೆಂಬರ್‌ನಲ್ಲಿ ಯುನೈಟೆಡ್‌ಹೆಲ್ತ್‌ಕೇರ್ ಎಂಬ ಆರೋಗ್ಯ ವಿಮೆ ಕಂಪನಿಯ ಮುಖ್ಯಸ್ಥರ ಹತ್ಯೆಯಾದಾಗ, ಬಂಧಿತನ ಬಳಿ ಸಿಕ್ಕ ಪಿಸ್ತೂಲು 3ಡಿ ಪ್ರಿಂಟ್ ಆದದ್ದು ಎಂದು ಪೊಲೀಸರು ಹೇಳಿದ್ದರು. ಅಲ್ಲಿ ಹಿಡಿಯಲು ಕಿಟ್ ಮಾರಿದವರೇ ಇರುವುದಿಲ್ಲ.

ವೀಸಾ ಮೇಲೆ ಇರುವವರಿಗೆ

ಇನ್ನು ನಮ್ಮವರ ಮಾತು. ಮನೆಯಲ್ಲಿ ಬಂದೂಕು ಮಾಡಿಕೊಳ್ಳುವ ಅವಕಾಶ ಇರುವುದು ಬಂದೂಕು ಇಟ್ಟುಕೊಳ್ಳಲು ಅಡ್ಡಿ ಇಲ್ಲದವರಿಗೆ ಮಾತ್ರ ಅಂದೆ. ಆ ಅಡ್ಡಿಗಳ ಪಟ್ಟಿಯಲ್ಲಿ ಅಪರಾಧಿಗಳ ಜೊತೆಗೆ ವಲಸೆಯೇತರ, ಅಂದರೆ ತಾತ್ಕಾಲಿಕ, ವೀಸಾದಲ್ಲಿ ಬಂದವರೂ ಇದ್ದಾರೆ. ಕೆಲಸದ ಎಚ್1ಬಿ ಅದರಲ್ಲಿ ಬರುತ್ತದೆ. ಕಂಪನಿಯೊಳಗಿನ ವರ್ಗಾವಣೆಯ ಎಲ್1, ವಿದ್ಯಾರ್ಥಿಗಳ ಎಫ್1, ಎಚ್1ಬಿಯವರ ಸಂಗಾತಿ, ಮಕ್ಕಳ ಎಚ್4 ಎಲ್ಲವೂ ಬರುತ್ತವೆ. ಬಂದೂಕು ಮಾತ್ರವಲ್ಲ, ಗುಂಡು ಇಟ್ಟುಕೊಳ್ಳುವುದೂ ನಿಷಿದ್ಧ. ಕಾನೂನು ನೋಡುವುದು ನಿಮ್ಮ ಹೆಸರಲ್ಲಿದೆಯೇ ಅಂತಲ್ಲ, ನಿಮ್ಮ ಹಿಡಿತದಲ್ಲಿದೆಯೇ ಅಂತ. 2022ರಲ್ಲಿ ಕಾಂಗ್ರೆಸ್ ಕಾನೂನಿನಲ್ಲೇ ಮಾಡಿದ ಬದಲಾವಣೆಯ (ಎ.ಟಿ.ಎಫ್. ನಿಯಮವಲ್ಲ, ಅದು ಬೇರೆ) ನಂತರ ಶಿಕ್ಷೆ 15 ವರ್ಷದ ತನಕ ಹೋಗಬಹುದು.

ವಿನಾಯಿತಿಗಳಿವೆ. ಬಹಳ ಜನ ಹೇಳುವುದು ಬೇಟೆ ಪರವಾನಗಿಯದು. ಅಮೆರಿಕದ ರಾಜ್ಯವೊಂದು ಕಾನೂನುಬದ್ಧವಾಗಿ ಕೊಟ್ಟ ಬೇಟೆಯ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಕೇಂದ್ರದ ಈ ನಿಷೇಧ ಅನ್ವಯಿಸುವುದಿಲ್ಲ. ಆದರೆ ಅದರ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ರಾಜ್ಯದ ಕಾನೂನು ಬೇರೆ ಇದೆ. ಇದನ್ನು ನಂಬಿ ಹೆಜ್ಜೆ ಇಡುವ ಮೊದಲು ವಕೀಲರನ್ನು ಕೇಳಲೇಬೇಕು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ.

ನನಗೆ ಜಾಸ್ತಿ ಆತಂಕ ಆಗುವುದು ಮಕ್ಕಳ ಬಗ್ಗೆ. ಮೂರು ವರ್ಷಕ್ಕೆ ಅಪ್ಪ ಅಮ್ಮನ ಜೊತೆ ಹೋಗಿ, ಅಲ್ಲೇ ಓದಿ, 21ಕ್ಕೆ ಎಚ್4 ಮುಗಿದು ಎಫ್1ಗೆ ಬದಲಾದ ಮಕ್ಕಳಿದ್ದಾರೆ. ಮಾತು, ಗೆಳೆಯರು, ಆಟ ಎಲ್ಲ ಅಲ್ಲಿಯವು. ಕಾಗದದಲ್ಲಿ ಮಾತ್ರ ಅವರು ವಿದೇಶಿಯರು. ಗೆಳೆಯರೆಲ್ಲ ಸೇರಿ ಕಿಟ್ ತರಿಸಿದಾಗ ತಾನು ಬೇರೆ ಅಂತ ಅವರಿಗೆ ಹೊಳೆಯುವುದೇ ಇಲ್ಲ.

ಇದಕ್ಕೆ ಹತ್ತಿರದ ಪ್ರಕರಣ ಒಂದಿದೆ, 2019ರ ರಹೈಫ್ ತೀರ್ಪು. ಯುಎಇಯಿಂದ ಫ್ಲೋರಿಡಾಕ್ಕೆ ಓದಲು ಬಂದ ವಿದ್ಯಾರ್ಥಿ. ಅಂಕ ಕಡಿಮೆಯಾಗಿ ಕಾಲೇಜು ಹೊರಹಾಕಿತು. ವೀಸಾ ಸ್ಥಿತಿ ಹೋಯಿತು. ಆಮೇಲೆ ಅವರು ಶೂಟಿಂಗ್ ರೇಂಜಿಗೆ ಹೋಗಿ ಗುಂಡು ಹಾರಿಸಿದರು. ಅಷ್ಟಕ್ಕೇ ಕೇಸು, 18 ತಿಂಗಳ ಶಿಕ್ಷೆ. ಸುಪ್ರೀಂ ಕೋರ್ಟು 7–2ರಲ್ಲಿ, ತನ್ನ ಸ್ಥಿತಿ ನಿಷೇಧದ ಪಟ್ಟಿಯಲ್ಲಿ ಬರುವಂಥದ್ದು ಅಂತ ಆರೋಪಿಗೆ ಗೊತ್ತಿತ್ತು ಎಂದು ಸರ್ಕಾರ ಸಾಬೀತು ಮಾಡಬೇಕು ಅಂದಿತು. ಇದು ಎಚ್1ಬಿಯವರಿಗೆ ದೊಡ್ಡ ಆಸರೆ ಅಂತ ತಿಳಿಯಬೇಡಿ. ನೀವು ಎಚ್1ಬಿಯಲ್ಲಿದ್ದೀರಿ ಅಂತ ನಿಮಗೆ ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ?

ವ್ಯಾಂಡರ್‌ಸ್ಟಾಕ್ ತೀರ್ಪಿನ ನಂತರ ಇಲ್ಲಿ ಇನ್ನೊಂದು ಬಿಗಿ ಸೇರಿದೆ. ನಿಯಮದಡಿ ಬರುವ ಕಿಟ್ ಈಗ ಡಬ್ಬಿಯಲ್ಲಿ ಇರುವಾಗಲೇ ಬಂದೂಕು. ಇನ್ನೂ ಜೋಡಿಸಿಲ್ಲ, ಹಾಗೇ ಅಟ್ಟದ ಮೇಲಿದೆ ಅನ್ನುವ ಸಮಜಾಯಿಷಿ ನಡೆಯುವುದು ಕಷ್ಟ. ಅಂಗಡಿಯಲ್ಲಿ ಕೊಂಡರೆ 4473 ಅನ್ನುವ ಫಾರಂ ತುಂಬಬೇಕು. ಅದರಲ್ಲಿ ನೀವು ವಲಸೆಯೇತರ ವೀಸಾದವರೇ ಅಂತ ನೇರವಾಗಿ ಕೇಳುತ್ತಾರೆ. ಸುಳ್ಳು ಬರೆದರೆ ಅದೇ ಬೇರೊಂದು ಅಪರಾಧ.

ಜೈಲಿಗಿಂತ ಹೆಚ್ಚು ಜನರ ಬದುಕು ಕೆಡುವುದು ವಲಸೆ ಕಾನೂನಿನಿಂದ. ಬಂದೂಕು ಕಾನೂನು ಮೀರಿ ಕೊಂಡದ್ದಕ್ಕೋ ಇಟ್ಟುಕೊಂಡದ್ದಕ್ಕೋ ಶಿಕ್ಷೆಯಾದರೆ ಅದು ಗಡೀಪಾರಿಗೆ ಕಾರಣವಾಗಬಹುದು. ಇದು ಗ್ರೀನ್ ಕಾರ್ಡ್ ಇರುವವರಿಗೂ ಅನ್ವಯ. ಹದಿನೈದು ವರ್ಷ ಕಾದ ಸಾಲಿನ ಜಾಗ, ಮಕ್ಕಳ ಶಾಲೆ, ಮನೆಯ ಸಾಲ ಎಲ್ಲವೂ ಆ ಒಂದು ಪಾರ್ಸೆಲ್ಲಿನ ಜೊತೆ ತಗುಲಿಕೊಳ್ಳುತ್ತವೆ.

ಈಗಾಗಲೇ ಯಾರಾದರೂ ತಿಳಿಯದೆ ಕಿಟ್ ತರಿಸಿದ್ದರೆ ಗಾಬರಿಯಲ್ಲಿ ಅದನ್ನು ಕಾರಿನಲ್ಲಿಟ್ಟುಕೊಂಡು ಪೊಲೀಸ್ ಠಾಣೆಗೆ ಹೋಗಬೇಡಿ, ಗೆಳೆಯರಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ, ಮಾರಲಂತೂ ಹೋಗಲೇಬೇಡಿ. ಮೊದಲು ಫೋನ್ ಮಾಡಬೇಕಾದದ್ದು ಬಂದೂಕು ಕಾನೂನು ಬಲ್ಲ ಕ್ರಿಮಿನಲ್ ವಕೀಲರಿಗೆ. ಅವರ ಜೊತೆಗೇ ನಿಮ್ಮ ವಲಸೆ ವಕೀಲರೂ ಕೂತಿರಬೇಕು. ಕಂಪನಿ ನೇಮಿಸಿದ ವೀಸಾ ವಕೀಲರು ಕಂಪನಿಯ ಪರವೂ ಕೆಲಸ ಮಾಡುವವರು. ಆದ್ದರಿಂದ ಇದಕ್ಕೆ ನಿಮ್ಮದೇ ಆದ ವಕೀಲರನ್ನು ಹಿಡಿಯಿರಿ.